ಅಡಿಗೆಮನೆಯಲ್ಲಿ ಪರ್ಫೆಕ್ಟ್ ಟೆನ್ಸು

ನನ್ನ ಹಣೆಯಲ್ಲಿ ಫಸ್ಟ್ ಅಸಿಸ್ಟೆಂಟ್ ಹುದ್ದೆ ಬರೆದಿಲ್ಲ. ಬ್ರಹ್ಮ ಬರೆಯಲು ಹೊರಟಿದ್ದನೋ ಏನೋ, ಅಷ್ಟರಲ್ಲಿ ಮಸಿ ಮುಗಿದಿರಬೇಕು. ಬಸವನಗುಡಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ತಲೆ ನರೆಯುವ ತನಕ ಇಂಗ್ಲಿಷ್ ವ್ಯಾಕರಣ ಹೇಳಿಕೊಟ್ಟ ವೆಂಕಟಾಚಲ ನಾನು. ನನ್ನ ಕೈಯಲ್ಲಿ ಕಲಿತವರು ಅಮಲ್ದಾರರಾದರು, ಇಂಜಿನಿಯರಾದರು. ಒಬ್ಬನಂತೂ ನಮ್ಮ ಸ್ಕೂಲಿಗೇ ಇನ್‌ಸ್ಪೆಕ್ಟರಾಗಿ ಬಂದು ನನ್ನ ತಪ್ಪು ಹುಡುಕಿ ಹೋದ. ನನಗೆ ಮಾತ್ರ ಅದೇ ಕುರ್ಚಿ, ಅದೇ ಸೀಮೆಸುಣ್ಣ. ಹೆಡ್‌ಮಾಸ್ಟರ ಕುರ್ಚಿಗೆ ಒಂದೇ ಮೆಟ್ಟಿಲು ಕೆಳಗಿನ ಆ ಫಸ್ಟ್ ಅಸಿಸ್ಟೆಂಟ್ ಹುದ್ದೆ ಖಾಲಿಯಾದಾಗಲೆಲ್ಲ ನನ್ನನ್ನು ದಾಟಿಕೊಂಡು ಇನ್ನೊಬ್ಬರ ಪಾಲಾಯಿತು. ಈ ಸಲ ಪೈಪೋಟಿಗೆ ನಿಂತವನು ನನ್ನ ಶಿಷ್ಯನೇ ಆದ ನಾರಾಯಣಪ್ಪ. ಇದೂ ತಪ್ಪಿದರೆ ರಿಟೈರಾಗುವ ತನಕ ಆ ಹುಡುಗನೆದುರು ಕೈಕಟ್ಟಿ ನಿಂತು ರಜೆ ಕೇಳಬೇಕು. ಆ ಯೋಚನೆಗೆ ನನಗೆ ಅನ್ನ ಸೇರುತ್ತಿರಲಿಲ್ಲ.

ಹುದ್ದೆ ಕೊಡುವವರು ಸ್ಕೂಲ್ ಕಮಿಟಿಯ ಅಧ್ಯಕ್ಷ ಚಂದ್ರಶೇಖರಯ್ಯನವರು. ಹುಟ್ಟಿದ್ದು ನಮ್ಮ ಸೀಮೆಯಲ್ಲೇ ಆದರೂ ಆಯುಷ್ಯವೆಲ್ಲ ದೆಹಲಿಯಲ್ಲಿ ಸರ್ಕಾರಿ ಕೆಲಸ ಮಾಡಿ, ಅಲ್ಲಿನ ಹೆಣ್ಣನ್ನೇ ಮದುವೆಯಾಗಿ, ಈಚೆಗೆ ಬಂದು ನೆಲೆಸಿದವರು. ಸೂಟು, ಟೈ, ಬಾಯಲ್ಲಿ ಪೈಪು. ಅವರ ಬಾಯಿಂದ ಒಂದು ಕನ್ನಡ ಮಾತು ಉದುರಿದ್ದನ್ನು ನಾನು ಕೇಳಿರಲಿಲ್ಲ. ಒಂದು ದಿನ ನನ್ನನ್ನು ಕರೆಸಿ, ನಿಮ್ಮ ಬೋಧನೆಯ ವಿಶೇಷವೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ವಿನಾಶಕಾಲೇ ವಿಪರೀತ ಬುದ್ಧಿಃ. "ಸರ್, ನನ್ನ ಹೆಂಡತಿಗೂ ಇಂಗ್ಲಿಷ್ ಕಲಿಸಿದ್ದೇನೆ. ಮನೆಯಲ್ಲಿ ನಾವು ಆಡುವುದೇ ಇಂಗ್ಲಿಷ್" ಎಂದುಬಿಟ್ಟೆ. ಅವರು ಪೈಪನ್ನು ಬಾಯಿಂದ ತೆಗೆದರು. ಹಾಗಾದರೆ ಭಾನುವಾರ ನಿಮ್ಮ ಮನೆಗೆ ಕಾಫಿಗೆ ಬರುತ್ತೇನೆ ಎಂದರು.

ನನ್ನ ಹೆಂಡತಿ ಕಲ್ಯಾಣಿ ಲೋಯರ್ ಸೆಕೆಂಡರಿ ತನಕ ಓದಿದವಳು. ಆಮೇಲೆ ಇಂಗ್ಲಿಷಿಗೂ ಅವಳಿಗೂ ಮುಖಾಮುಖಿಯಾದದ್ದು ಬೆಂಕಿಪೊಟ್ಟಣದ ಮೇಲೆ ಮಾತ್ರ. ಆದರೂ ನಾನು ಧೈರ್ಯಗೆಡಲಿಲ್ಲ. ಸಂಸಾರಕ್ಕೆ ಬೇಕಾದದ್ದು ಪರ್ಫೆಕ್ಟ್ ಟೆನ್ಸ್ ಒಂದೇ ಎಂಬುದು ನನ್ನ ಮಹಾಸಿದ್ಧಾಂತ. ಮನೆಗೆ ಬಂದವರು ಕೇಳುವುದೇನು? ಯಜಮಾನರು ಬಂದಿದ್ದಾರೆಯೇ, ಊಟವಾಗಿದೆಯೇ, ಮಗನಿಗೆ ಕೆಲಸ ಸಿಕ್ಕಿದೆಯೇ. ಎಲ್ಲವೂ ಆಗಿರುವುದರ ವಿಚಾರ. 'ಹ್ಯಾವ್', 'ಹ್ಯಾಸ್' ಇವೆರಡನ್ನು ಗಟ್ಟಿಯಾಗಿ ಹಿಡಿದರೆ ಭವಸಾಗರ ದಾಟಬಹುದು. ಪಾಠ ಅಡಿಗೆಮನೆಯಲ್ಲಿ, ಒಲೆಯ ಮುಂದೆ ಶುರುವಾಯಿತು.

"ಐ ಹ್ಯಾವ್ ಕುಕ್ಡ್. ಅಡಿಗೆ ಮಾಡಿದ್ದೇನೆ. ಎಲ್ಲಿ, ಹೇಳು."

"ಇನ್ನೂ ಎಲ್ರೀ ಮಾಡಿದೀನಿ? ಬೇಳೆ ಈಗ ಬೇಯ್ತಿದೆ. ಸುಳ್ಳು ಯಾಕೆ ಹೇಳ್ಲಿ?"

"ಅಭ್ಯಾಸಕ್ಕೆ ಕಣೇ!"

"ಸುಳ್ಳಿನ ಅಭ್ಯಾಸ ನಿಮಗೇ ಇರ್ಲಿ. ಅಧ್ಯಕ್ಷರ ಹತ್ರ ಒಂದು ಹೇಳಿ ಬಂದಿದೀರಲ್ಲ, ಸಾಲ್ದೇ?"

ಈ ಅವಮಾನವನ್ನು ನುಂಗಿಕೊಂಡು ನಾನು ಪಾಸ್ಟ್ ಪರ್ಫೆಕ್ಟಿಗೆ ನೆಗೆದೆ. ಅದಕ್ಕೆ ದೇಶದ ಮೇಷ್ಟ್ರುಗಳೆಲ್ಲ ಕೊಡುವ ಉದಾಹರಣೆ ಒಂದೇ: ಡಾಕ್ಟರು ಬರುವ ಮೊದಲೇ ರೋಗಿ ಸತ್ತಿದ್ದ. ನಾನು ಅದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಗಟ್ಟಿಯಾಗಿ ಹೇಳುತ್ತಿರುವಾಗ ದೇವರ ಮನೆಯಿಂದ ನನ್ನ ತಾಯಿ ತುಳಸಮ್ಮ ಹೊರಗೆ ಬಂದರು.

"ಯಾರೋ ಸತ್ತದ್ದು?"

"ಯಾರೂ ಇಲ್ಲಮ್ಮ, ಪಾಸ್ಟ್ ಪರ್ಫೆಕ್ಟು."

"ಪಾಪ. ಮಕ್ಕಳೊಂದಿಗನೇನೋ? ನಮಗೆ ಸ್ನಾನ ಉಂಟೋ?"

ಸತ್ತವನು ನಮಗೆ ದಾಯಾದಿಯಲ್ಲ, ಅಸಲು ಅವನು ಹುಟ್ಟಿಯೇ ಇಲ್ಲ ಎಂದು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆದರೆ ಅಮ್ಮ ಅಲ್ಲಿಂದ ಕದಲಲಿಲ್ಲ. ಮಣೆ ಹಾಕಿಕೊಂಡು ಕೂತು, ನಾನು ಹೇಳಿಕೊಡುವ ವಾಕ್ಯಗಳಿಗೆಲ್ಲ ಅರ್ಥ ಕೇಳತೊಡಗಿದರು. ಅಕ್ಕಿ ಮುಗಿದಿದೆ. ದೀಪ ಆರಿದೆ. ಯಜಮಾನರು ಹೋಗಿದ್ದಾರೆ. ಕೇಳುತ್ತ ಕೇಳುತ್ತ ಅವರ ಮುಖ ಕೆಂಪಾಯಿತು.

"ಗೃಹಸ್ಥರ ಮನೇಲಿ ಆಡೋ ಮಾತೇನೋ ಇದು? ಅಕ್ಕಿ ತುಂಬಿದೆ ಅನ್ಬೇಕು. ದೀಪ ದೊಡ್ಡದಾಯ್ತು ಅನ್ಬೇಕು. ಮುತ್ತೈದೆ ಬಾಯಲ್ಲಿ ಗಂಡ ಹೋಗಿದಾನೆ ಅಂತ ಅನ್ನಿಸ್ತೀಯಲ್ಲ!"

"ಅಮ್ಮಾ, ಇದು ಇಂಗ್ಲಿಷು. ಅವರಿಗೆ ಈ ಶಾಸ್ತ್ರ ಎಲ್ಲ ಇಲ್ಲ."

"ಅದಕ್ಕೇ ನೋಡು, ಹೋಯ್ತು ಹೋಯ್ತು ಅಂತ ಅಂದೂ ಅಂದೂ ಇರೋ ರಾಜ್ಯಾನೂ ಕಳಕೊಂಡು ಹಡಗು ಹತ್ತಿದ್ರು."

ಬೆಂಬಲ ಸಿಕ್ಕೀತೆಂದು ಕಲ್ಯಾಣಿಯ ಕಡೆ ನೋಡಿದೆ. ಉಪ್ಪಿನಕಾಯಿಗೆ ಸಾಸಿವೆ ಎಷ್ಟು ಎಂಬುದರಿಂದ ಹಿಡಿದು ಎಲ್ಲದಕ್ಕೂ ಅತ್ತೆಯೊಡನೆ ವಾದ ಹೂಡುವವಳು, ಅವತ್ತು ಮಾತ್ರ "ಅಮ್ಮ ಹೇಳೋದು ಸರಿಯಾಗಿದೆ" ಎಂದಳು. ಅತ್ತೆ ಸೊಸೆ ಒಂದಾದರೆ ಗಂಡಸಿಗೆ ಉಳಿಗಾಲವಿಲ್ಲ. ಶನಿವಾರದ ಹೊತ್ತಿಗೆ ಅವಳು ಬಹಳ ನೆಮ್ಮದಿಯಿಂದ ಇದ್ದಳು. "ನೀವೇನೂ ಯೋಚ್ನೆ ಮಾಡ್ಬೇಡಿ. ನಿಮ್ಮ ಹ್ಯಾವು ಹ್ಯಾಸು ಒಂದೂ ಬಿಟ್ಟಿಲ್ಲ. ಮಾತು ಮಾತ್ರ ಒಳ್ಳೇದು ಮಾಡ್ಕೊಂಡಿದೀನಿ" ಎಂದಳು. ಒಳ್ಳೇದು ಎಂದರೇನು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಭಾನುವಾರ ಅವರು ಬರಬೇಕಾದದ್ದು ಐದಕ್ಕೆ. ಮಧ್ಯಾಹ್ನ ನೋಡಿದರೆ ಕಾಫಿಪುಡಿಯ ಡಬ್ಬಿ ಬರಿದು. ಹೊಸದಾಗಿ ಹುರಿದು ಬೀಸಿದ ಪುಡಿಯೇ ಇರಲಿ ಎಂದು ನಾನು ಗಾಂಧಿಬಜಾರಿಗೆ ಓಡಿದೆ. ಅಂಗಡಿಯ ಮುಂದೆ ಇಡೀ ಬಸವನಗುಡಿ ನಿಂತಿತ್ತು. ಇತ್ತ ಚಂದ್ರಶೇಖರಯ್ಯನವರು ನಾಲ್ಕಕ್ಕೇ ಬಂದುಬಿಟ್ಟರು. ಮುಂದೆ ನಡೆದದ್ದನ್ನು ಕಲ್ಯಾಣಿಯೇ ಆಮೇಲೆ ನನಗೆ ಹೇಳಿದಳು, ಅದೂ ಹೆಮ್ಮೆಯಿಂದ.

ಅವರು ಯಜಮಾನರೆಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇವಳು ಸೆರಗು ಹೊದ್ದು, ಸ್ಪಷ್ಟವಾಗಿ, "ಹಿ ಹ್ಯಾಸ್ ಗಾನ್ ಅಂಡ್ ಕಮ್" ಎಂದಳು. ಹೋಗಿ ಬಂದಿದ್ದಾರೆ! ಬಂದಿದ್ದರೆ ಕಾಣಬೇಕಲ್ಲ ಎಂದು ಅವರು ಒಳಬಾಗಿಲ ಕಡೆಗೇ ನೋಡುತ್ತ ಕೂತರು. ಬಹಳ ಹೊತ್ತು ಕೂತರು. ನಾನು ಮಂಚದ ಕೆಳಗೆ ಅಡಗಿದ್ದೇನೆಂದು ತಿಳಿದರೋ ಏನೋ. ಕಡೆಗೆ ಬಾಯಿ ಬಿಟ್ಟು, ಸ್ವಲ್ಪ ಕಾಫಿ ಸಿಕ್ಕೀತೇ ಎಂದರು. "ಕಾಫಿ ಪೌಡರ್ ಹ್ಯಾಸ್ ಬಿಕಮ್ ಫುಲ್" ಎಂದಳು. ಪುಡಿ ತುಂಬಿದೆಯಂತೆ! ಹಾಗಿದ್ದರೂ ಕಾಫಿ ಬರಲಿಲ್ಲ. ಅಷ್ಟರಲ್ಲಿ ಮೋಡ ಕವಿದು ಕತ್ತಲಾಯಿತು. ಸ್ವಿಚ್ ಹಾಕಿದರೆ ಬಲ್ಬು ಪಟ್ಟೆಂದು ಸುಟ್ಟುಹೋಯಿತು. ಕಲ್ಯಾಣಿ ಅಳುಕದೆ "ಲೈಟ್ ಹ್ಯಾಸ್ ಬಿಕಮ್ ಬಿಗ್" ಎಂದಳು. ಬಂದಿರುವ ಯಜಮಾನನಿಲ್ಲದೆ, ತುಂಬಿರುವ ಕಾಫಿಯಿಲ್ಲದೆ, ದೊಡ್ಡದಾದ ದೀಪದ ಕೆಳಗೆ ಅಧ್ಯಕ್ಷರು ಕತ್ತಲಲ್ಲಿ ಕೂತರು.

ನಾನು ಪುಡಿಯ ಪೊಟ್ಟಣ ಹಿಡಿದು ಏದುಸಿರು ಬಿಡುತ್ತ ಬಂದಾಗ ಹಜಾರದಿಂದ ಗಂಡಸಿನ ನಗು ಕೇಳಿಸಿತು. ಚಂದ್ರಶೇಖರಯ್ಯನವರು ಕೋಟು ಬಿಚ್ಚಿಟ್ಟು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎದುರಿಗೆ ಅಮ್ಮ, ನಡುವೆ ಒಂದು ಕೈದೀಪ.

"ನಮ್ಮ ತಾಯೀನೂ ಹೀಗೇ ಅನ್ನೋರು ಕಣಮ್ಮ. ದೀಪ ಆರಿತು ಅಂದ್ರೆ ಬಾಯಿ ಮೇಲೇ ಕೊಡೋರು. ದೆಹಲಿಗೆ ಹೋದ್ಮೇಲೆ ಈ ಮಾತೇ ಕಿವಿಗೆ ಬಿದ್ದಿರ್ಲಿಲ್ಲ ನೋಡಿ."

ಅಚ್ಚ ಕನ್ನಡ! ಅವರ ಕಣ್ಣು ಒದ್ದೆಯಾಗಿತ್ತು. ನನ್ನೆದೆ ಕುಣಿಯಿತು. ಗೆದ್ದೆ, ನಾರಾಯಣಪ್ಪ ಸತ್ತ (ಅಮ್ಮ ಕ್ಷಮಿಸಲಿ) ಎಂದುಕೊಂಡೆ. ಅವರು ಕಾಫಿಯನ್ನು ಕೇಳಿ ಕೇಳಿ ಹಾಕಿಸಿಕೊಂಡು ಕುಡಿದರು, ಅಮ್ಮನಿಗೆ ನಮಸ್ಕಾರ ಮಾಡಿದರು. ನಾನು ಗೇಟಿನ ತನಕ ಹೋದೆ. ಅಲ್ಲಿ ಕೋಟು ಹಾಕಿಕೊಂಡರು, ಇಂಗ್ಲಿಷನ್ನೂ ಹಾಕಿಕೊಂಡರು.

"ಮಿಸ್ಟರ್ ವೆಂಕಟಾಚಲ, ಹುಡುಗರಿಗೂ ಇದೇ ಇಂಗ್ಲಿಷ್ ಕಲಿಸುತ್ತೀರೋ?"

ಹೌದೆಂದರೆ ಮೇಷ್ಟ್ರ ಪಟ್ಟಕ್ಕೆ ಕುತ್ತು, ಇಲ್ಲವೆಂದರೆ ಮನೆಯಲ್ಲಿ ಇಂಗ್ಲಿಷ್ ಕಲಿಸಿದ್ದು ಸುಳ್ಳು. ಅತ್ತ ದರಿ ಇತ್ತ ಪುಲಿ. ನಾನು ತಲೆಯನ್ನು ಹೇಗೋ ಒಂದು ಥರ ಆಡಿಸಿದೆ. ಅವರು ನಿಟ್ಟುಸಿರು ಬಿಟ್ಟು ಕಾರು ಹತ್ತಿದರು.

ಹುದ್ದೆ ನಾರಾಯಣಪ್ಪನಿಗೆ ಸಿಕ್ಕಿತು. ಅವನು ಬಂದು ನನ್ನ ಕಾಲಿಗೆ ಬಿದ್ದ. ಅದು ಇನ್ನೂ ಹೆಚ್ಚು ನೋಯಿಸಿತು. ಮನೆಗೆ ಬಂದು ಬಚ್ಚಲ ಒಲೆಯ ಮುಂದೆ ಕೂತು ಅತ್ತೆ. ಹೌದು, ಅತ್ತೇ ಬಿಟ್ಟೆ; ಹೊಗೆಯ ನೆಪ ಇತ್ತು. ಕಲ್ಯಾಣಿ ಬಾಗಿಲಲ್ಲಿ ನಿಂತು, "ನನ್ನಿಂದಲೇ ಆಯ್ತೇನ್ರೀ?" ಎಂದಳು. ಮದುವೆಯಾದಾಗಿನಿಂದ ಅವಳು ಅಷ್ಟು ಮೆತ್ತಗೆ ಮಾತಾಡಿದ್ದಿಲ್ಲ. ಇಲ್ಲ ಎನ್ನಬೇಕಾಗಿತ್ತು. ನನ್ನ ಹಾಳು ಬಾಯಿಗೆ ಆ ಒಂದು ಮಾತು ಬರಲಿಲ್ಲ.

ಕೆಲವು ದಿನ ಕಳೆದು ನಮ್ಮ ಬೀದಿಗೆ ಅಧ್ಯಕ್ಷರ ಕಾರು ಬಂತು. ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದುಕೊಂಡವು. ಡ್ರೈವರು ಟೋಪಿ ತೆಗೆದು ಕೇಳಿದ:

"ಮೇಷ್ಟ್ರು ಇದಾರಾ ಸ್ವಾಮಿ? ಕರ್ಕೊಂಬಾ ಅಂದಿದಾರೆ."

ತೀರ್ಪು ಬದಲಾಗಿದೆ! ಕಮಿಟಿಯವರಿಗೂ ಅಂತಃಕರಣ ಇದೆ! ಒಳಗೆ ಓಡಿ ಕ್ಲೋಸ್ ಕಾಲರ್ ಕೋಟು ತೊಟ್ಟೆ, ಜರಿ ರುಮಾಲು ಸುತ್ತಿದೆ. ಕಿಟಕಿಗಳ ಕಡೆ ಒಮ್ಮೆ ನೋಡಿ, ಕಾರಿನ ಬಾಗಿಲಿಗೆ ಕೈಯಿಟ್ಟೆ.

"ತಾವಲ್ಲ ಸ್ವಾಮಿ," ಎಂದ ಡ್ರೈವರು, ಬಹಳ ಮರ್ಯಾದೆಯಿಂದ. "ನಮ್ಮ ದೊರೆಸಾನೀರಿಗೆ ಕನ್ನಡ ಹೇಳ್ಕೊಡೋಕೆ ಬರ್ತಾರಂತಲ್ಲ, ಆ ಮೇಷ್ಟ್ರು."

ನನ್ನ ಹಿಂದೆ ಕಲ್ಯಾಣಿ ಮೊಳಕಾಲ್ಮೂರು ಸೀರೆಯುಟ್ಟು ನಿಂತಿದ್ದಳು. "ಅವತ್ತು ಕಾಫಿಗೆ ಬಂದಾಗ್ಲೇ ಕೇಳಿದ್ರು. ಆಮೇಲೆ ನೀವು ಬೇಜಾರಲ್ಲಿದ್ರಿ, ಹೇಳೋಕೆ ಬಾಯೇ ಬರ್ಲಿಲ್ಲ" ಎಂದು ತಲೆ ತಗ್ಗಿಸಿದಳು. ಡ್ರೈವರು ಬಾಗಿಲು ತೆರೆದು ಹಿಡಿದ. ಅವಳು ಕೂತು, ಸೆರಗು ಸರಿಮಾಡಿಕೊಂಡು, ತಲೆ ಹೊರಗೆ ಹಾಕಿ, "ಹಾಲು ಒಲೆ ಮೇಲಿದೆ, ಸ್ವಲ್ಪ ನೋಡ್ಕೊಳ್ರೀ" ಎಂದಳು. ಕಾರು ಹೊರಟಿತು.

ನಾನು ಒಳಗೆ ತಿರುಗಿದಾಗ ಅಮ್ಮ ಜಪಮಣಿ ಹಿಡಿದು ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದರು.

"ಕೋಟು ರುಮಾಲು ಎಲ್ಲ ಹಾಕ್ಕೊಂಡು ಎಲ್ಲಿಗೋ ಹೊರಟೆ?"

"ಹಾಲು ನೋಡೋಕಮ್ಮಾ" ಎಂದೆ.