ಸೇಫ್ಟಿ ಸಾಹೇಬರ ಕುಸಿತದ ಕವಾಯತು

"ಈ ಸಲ ಷೇರುಪೇಟೆ ಬೀಳಲಿ, ಪಾತಾಳಕ್ಕೇ ಇಳಿಯಲಿ, ನನ್ನ ರೆಪ್ಪೆ ಅಲುಗಿದ್ರೆ ಕೇಳು!" ಎಂದು ಸೇಫ್ಟಿ ಸಾಹೇಬರು ಊಟದ ಮೇಜನ್ನು ಗುದ್ದಿದರು. ನೀರಿನ ಲೋಟ ಉರುಳಿತು.

ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಮೊದಲು ನೀರು ಒರೆಸ್ರೀ, ಬಟ್ಟೆ ಮೇಲೆ ಬರ್ತಿದೆ" ಎಂದರು.

ಸಾಹೇಬರು ಬಣ್ಣದ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಬೆಂಕಿಯೇ ಇಲ್ಲದ ದಿನ ಬೆಂಕಿಯ ಗಂಟೆ ಬಾರಿಸಿ, ಜನರನ್ನು ಸಾಲಾಗಿ ಅಂಗಳಕ್ಕೆ ಹೊರಡಿಸಿ, ಮತ್ತೆ ಒಳಗೆ ಕಳಿಸುವುದು ಅವರ ವೃತ್ತಿಧರ್ಮ. ಇಷ್ಟು ಧೀರರಾದರೂ ಹಿಂದಿನ ಕುಸಿತದಲ್ಲಿ ಕಾರ್ಖಾನೆಯ ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು, ಬೆವರಿದ ಬೆರಳಿನಿಂದ ಇದ್ದಬದ್ದ ಷೇರುಗಳನ್ನೆಲ್ಲ ಸಿಕ್ಕಿದ ಬೆಲೆಗೆ ಮಾರಿದ್ದರು. ಇವರು ಮಾರಲೆಂದೇ ಕಾದಿತ್ತೋ ಏನೋ, ಪೇಟೆ ಆಮೇಲೆ ಕುಣಿಯುತ್ತ ಮೇಲೇರಿತು!

ಅಳಿದುಳಿದ ಹಣವನ್ನು ಅವರು ಮತ್ತೆ ಹೂಡಿದ್ದರು. ಈ ಬಾರಿ ಹೆಂಡತಿ ಹೊಲಿದು ಕೂಡಿಟ್ಟ ಹಣವೂ ಅದರಲ್ಲಿ ಸೇರಿತ್ತು. ಬೀದಿಯ ತಿರುವಿನಲ್ಲಿ ಮಳಿಗೆಯೊಂದು ಸದ್ಯದಲ್ಲೇ ಖಾಲಿಯಾಗುವುದಿತ್ತು. ಅದನ್ನು ಹಿಡಿದು ಸ್ವಂತ ಹೊಲಿಗೆ ಅಂಗಡಿ ತೆರೆಯಬೇಕೆಂಬುದು ಆಕೆಯ ಬಹುಕಾಲದ ಆಸೆ. "ಅಲ್ಲೀವರೆಗೆ ದುಡ್ಡು ಸುಮ್ನೆ ಯಾಕೆ ಬಿದ್ದಿರ್ಬೇಕು? ಬೆಳೆಸಿ ಕೊಡ್ತೀನಿ" ಎಂದು ಸಾಹೇಬರೇ ತೆಗೆದುಕೊಂಡಿದ್ದರು.

"ನೋಡು, ಪೇಟೆ ಅತಿಯಾಗಿ ಏರಿದೆ. ದೊಡ್ಡ ಕುಸಿತ ಬಂದೇ ಬರುತ್ತೆ. ಆಗ ನನಗೆ ಮತ್ತೆ ಮಾರೋ ಹುಚ್ಚು ಹಿಡಿಯುತ್ತೆ. ಅದಕ್ಕೇ ಷೇರು ಖಾತೆ ಪಾಸ್‌ವರ್ಡ್ ನೀನು ಬದಲಾಯಿಸು. ಒಟಿಪಿ ಬರೋ ಆ ಹಳೇ ಫೋನೂ ನಿನ್ನ ಹತ್ರವೇ ಇರ್ಲಿ. ನಾನು ಕಾಲಿಗೆ ಬಿದ್ರೂ ಕೊಡಬೇಡ."

"ನಿಮ್ಮ ಮಂಡಿನೋವಿಗೆ ಕಾಲಿಗೆ ಬೀಳೋದೆಲ್ಲ ಆಗೋ ಮಾತಲ್ಲ ಬಿಡಿ."

ಆದರೆ ಕವಾಯತು ಇಲ್ಲದ ಸಿದ್ಧತೆ ಸಿದ್ಧತೆಯೇ? ಮಾರನೆಯ ದಿನದಿಂದ ಮನೆಯಲ್ಲಿ ಅಣಕು ಕುಸಿತ ಶುರುವಾಯಿತು. ಸಾಹೇಬರು ಒಮ್ಮೆ ಸಕ್ಕರೆಯಂಥ ಮಾತಿನಿಂದ ಪಾಸ್‌ವರ್ಡ್ ಕೇಳಿದರು, ಸಿಗಲಿಲ್ಲ. ಒಮ್ಮೆ ಗುಡುಗಿದರು. "ಹಾಲು ಉಕ್ತಿದೆ, ಒಲೆ ಆರಿಸಿ ಬಂದು ಗುಡುಗ್ರಿ" ಎಂಬ ಉತ್ತರ ಬಂತು. ಹೆಂಡತಿಯ ದೃಢತೆ ಕಂಡು ಅವರಿಗೆ ಹೆಮ್ಮೆ! ಕೊನೆಗೊಂದು ಸಂಜೆ ಬ್ರಹ್ಮಾಸ್ತ್ರವನ್ನೇ ಹೂಡಿದರು. ಎದೆ ಹಿಡಿದುಕೊಂಡು "ಅಯ್ಯೋ, ಪಾಸ್‌ವರ್ಡ್!" ಎಂದು ನಡುಮನೆಯಲ್ಲಿ ಉರುಳಿದರು.

ಸದ್ದು ಕೇಳಿ ಕೆಳಮನೆಯ ಕಾಂಪೌಂಡರ್ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದರು. "ಅಕ್ಕಾ! ಸಾಹೇಬ್ರು ಬಿದ್ದಿದಾರೆ!"

"ಏನಿಲ್ಲಪ್ಪ, ಪೇಟೆ ಬಿದ್ದಾಗ ಹೇಗಿರ್ಬೇಕು ಅಂತ ಅಭ್ಯಾಸ ಮಾಡ್ತಿದಾರೆ. ಕೂತ್ಕೊಳ್ಳಿ, ಚಹಾ ಮಾಡ್ತೀನಿ."

ಕಾಂಪೌಂಡರ್ ನಂಬಲಿಲ್ಲ. ಚೊಂಬಿನ ನೀರನ್ನು ಸಾಹೇಬರ ಮುಖಕ್ಕೆ ಸುರಿದೇಬಿಟ್ಟರು. ನೆನೆದ ಸಾಹೇಬರು ಎದ್ದು ಕುಳಿತು, "ಭೇಷ್! ಇಬ್ಬರೂ ಪಾಸು!" ಎಂದು ಸೀನಿದರು.

ಕುಸಿತ ನಿಜವಾಗಿಯೂ ಬಂತು. ಒಂದು ಬೆಳಿಗ್ಗೆ ಟಿ.ವಿ. ಪರದೆಯೆಲ್ಲ ಕೆಂಪಾಯಿತು. ಮರುದಿನ ಇನ್ನೂ ಕೆಂಪು. ಅದೇ ಹೊತ್ತಿಗೆ ಮಳಿಗೆಯ ಮಾಲೀಕರ ಫೋನು: "ಖಾಲಿ ಆಗಿದೆ. ಈ ವಾರ ಮುಂಗಡ ಕೊಟ್ರೆ ನಿಮಗೆ, ಇಲ್ಲಾಂದ್ರೆ ಬೇರೆಯವರಿಗೆ."

ಸಾಹೇಬರ ರೆಪ್ಪೆಯೇನು, ಮೈಯೆಲ್ಲ ಅಲುಗಿತು. ತಮ್ಮ ಹಣದ ಯೋಚನೆ ಅವರಿಗೆ ಬರಲೇ ಇಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಕಣ್ಣ ಮುಂದೆ ನಿಂತದ್ದು ಎಷ್ಟೋ ವರ್ಷ ಬಗ್ಗಿ ಬಗ್ಗಿ ಹೊಲಿದ ಆ ಬೆನ್ನು.

"ಪಾಸ್‌ವರ್ಡ್ ಕೊಡೇ. ನಿನ್ನ ದುಡ್ಡು ಉಳಿದಷ್ಟಾದ್ರೂ ತೆಗೆಯೋಣ."

"ಊಹೂಂ."

"ಇದು ಕವಾಯತಲ್ಲ ಕಣೇ! ನಿಜ!"

"ಹೋದ ಸಲಾನೂ ನಿಜ ಅಂದಿದ್ರಿ. ಆದ್ರೆ ಈ ಸಲ ಬಹಳ ಚೆನ್ನಾಗಿದೆ, ಕಣ್ಣಲ್ಲಿ ನೀರೂ ಬಂದಿದೆ."

ಸಾಹೇಬರು ಕುರ್ಚಿಯಲ್ಲಿ ಕುಸಿದರು. "ನಿನ್ನ ಅಂಗಡೀನ ನಾನೇ ಮುಳುಗಿಸಿದೆ" ಎಂದರು. ಈ ಮಾತು ಯಾವ ಅಭ್ಯಾಸದಲ್ಲೂ ಬಂದಿರಲಿಲ್ಲ. ಹೊಲಿಗೆ ಯಂತ್ರ ನಿಂತಿತು.

"ಅಯ್ಯೋ, ನಿಜವಾಗ್ಲೂ ಅಳ್ತಿದೀರಾ? ನನ್ನ ದುಡ್ಡು ಅಲ್ಲಿಲ್ಲ ಕಣ್ರೀ. ನೀವು ಫೋನ್ ಕೊಟ್ಟ ವಾರವೇ ನನ್ನ ಪಾಲು ಮಾರಿ ನಮ್ಮ ಜಂಟಿ ಖಾತೆಗೆ ಹಾಕಿದೆ."

"ನನಗೆ ಹೇಳ್ಲೇ ಇಲ್ಲ?"

"ಹೇಳೋಣ ಅಂತ್ಲೇ ಬಂದೆ. ನೀವು ಎದೆ ಹಿಡ್ಕೊಂಡು ನೆಲದ ಮೇಲಿದ್ರಿ. ಆಮೇಲೆ ನಿಮ್ಮ ಸಂಭ್ರಮ ಕೆಡಿಸೋದು ಬೇಡ ಅನ್ನಿಸ್ತು."

"ಕುಸಿತ ಬರುತ್ತೆ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ನನಗೇನು ಗೊತ್ತು? ಮಳಿಗೆ ಖಾಲಿ ಆಗುತ್ತೆ ಅನ್ನೋದು ಗೊತ್ತಿತ್ತು. ಇವತ್ತೋ ನಾಳೆಯೋ ಬೇಕಾಗೋ ದುಡ್ಡಿಗೆ ಏರಿಳಿತದ ಆಟ ಯಾಕೆ? ನಿಮ್ಮದಕ್ಕೆ ಅವಸರ ಇಲ್ಲ. ಅದು ನಿಧಾನವಾಗಿ ಎದ್ದು ಬರ್ಲಿ."

ಸಾಹೇಬರು ಕಣ್ಣೊರೆಸಿಕೊಂಡರು. ಹೆದರದಿರಲು ಅವರು ಎಷ್ಟೆಲ್ಲ ಅಭ್ಯಾಸ ಮಾಡಿದ್ದರು! ಯಾರ ಹಣ, ಯಾವಾಗ ಬೇಕು ಎಂದು ಒಮ್ಮೆ ಕೇಳಿದ್ದರೆ ಹೆದರಲು ಅರ್ಧ ಕಾರಣವೇ ಇರುತ್ತಿರಲಿಲ್ಲ.

"ಹಾಗಾದ್ರೆ ನಿನ್ನ ಅಂಗಡಿಗೆ ನನ್ನಿಂದ ಏನೂ ಬೇಡ ಅನ್ನು."

ಹೆಂಡತಿ ಅವರ ನಡುಗುವ ಬೆರಳುಗಳನ್ನೊಮ್ಮೆ ನೋಡಿದರು.

"ಬೇಕು. ಕಾಜಾ ಹೊಲಿದು ಗುಂಡಿ ಹಚ್ಚೋಕೆ ಭಾನುವಾರ ಒಬ್ಬರು ಬೇಕು. ಬನ್ನಿ, ಆದ್ರೆ ಕೈ ನಡುಗೋದು ನಿಂತ ಮೇಲೆ. ಗಿರಾಕಿ ಬಟ್ಟೆ ನೋಡಿ!"