ಒಂಬತ್ತು ವೋಟಿನ ಸುಳ್ಳು, ಸೊನ್ನೆ ವೋಟಿನ ನಿಜ

ಗಾವಿಲರತ್ನ ಶ್ರೀ ಶಿವಮೂರ್ತಪ್ಪನವರ ಸನ್ನಿಧಾನಕ್ಕೆ,
ಅಡಿಕೆ ಮಂಡಿಯ ಮಾಲೀಕರು ಹಾಗೂ ಅಧ್ಯಕ್ಷರು, ಶಬ್ದವಿನೋದ ಕೂಟ, ಚನ್ನಗಿರಿ.

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಮಂಡಿಗೂ, ಮೂರು ವರ್ಷಗಳಿಂದ ತಮ್ಮ ಹೆಗಲು ಬಿಟ್ಟು ಇಳಿಯದಿರುವ ಸನ್ಮಾನದ ಶಾಲಿಗೂ ನನ್ನ ನಮಸ್ಕಾರಗಳು. ೧೯೮೬ನೇ ಇಸವಿ ನವೆಂಬರ್ ಒಂಬತ್ತನೇ ತಾರೀಕು ಭಾನುವಾರ ಮಧ್ಯಾಹ್ನ ಮೂರೂಕಾಲು ಗಂಟೆಗೆ, ನಮ್ಮ ಕೂಟದ ವಾಚನಾಲಯದಲ್ಲಿ, ಒಂದು ಶಬ್ದಕ್ಕೆ ನಿಘಂಟಿನಲ್ಲಿರುವ ಅರ್ಥವನ್ನೇ ಬರೆದ ತಪ್ಪಿಗೆ ತಾವು ನನ್ನನ್ನು ಸದಸ್ಯತ್ವದಿಂದ ತೆಗೆದುಹಾಕಿದಿರಿ. ಹದಿನಾಲ್ಕು ವರ್ಷ ನಾನು ಕೂತಿದ್ದ ಕಬ್ಬಿಣದ ಕುರ್ಚಿಯನ್ನು, ನಾನಿನ್ನೂ ಬಾಗಿಲು ದಾಟುವ ಮೊದಲೇ ಮಡಿಸಿ ಗೋಡೆಗೆ ಒರಗಿಸಲಾಯಿತು. ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನಾನು ಬಹಳ ಜನ ಕಂಡಿದ್ದೇನೆ. ಸುಳ್ಳು ಬರೆಯುವುದಕ್ಕೆಂದೇ ಏರ್ಪಟ್ಟ ಆಟದಲ್ಲಿ ನಿಜ ಬರೆದು ಸಿಕ್ಕಿಬಿದ್ದವನು ಮಾತ್ರ ನಾನೊಬ್ಬನೇ ಇರಬೇಕು.

ಪತ್ರ ಬಹಿರಂಗವಾದ್ದರಿಂದ ಹೊರಗಿನವರಿಗಾಗಿ ಆಟದ ರೀತಿಯನ್ನು ಹೇಳಿಬಿಡುತ್ತೇನೆ, ತಾವು ಬೇಸರಿಸಬಾರದು. ಕೂಟದ ನಡಾವಳಿ ಪುಸ್ತಕದಲ್ಲಿ ಅದರ ಹೆಸರು ಅರ್ಥಶೋಧನ ಪಂದ್ಯ. ಬೀದಿಯಲ್ಲಿ ಅದು ಚೀಟಿಯಾಟ. ಆಟ ನಡೆಸುವವರು ನಿಘಂಟಿನಿಂದ ಯಾರಿಗೂ ತಿಳಿಯದ ಒಂದು ಹಳೆಯ ಶಬ್ದವನ್ನು ಆರಿಸಿ, ಅದರ ನಿಜವಾದ ಅರ್ಥವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಉಳಿದವರು ನಂಬುವಂಥ ಒಂದೊಂದು ಸುಳ್ಳು ಅರ್ಥ ಕಟ್ಟಿ ಚೀಟಿ ಕೊಡುತ್ತಾರೆ. ಎಲ್ಲವನ್ನೂ ಕಲಸಿ, ಬರೆದವರ ಹೆಸರು ಹೇಳದೆ ಓದಿದ ಮೇಲೆ, ಯಾವುದು ನಿಜವೆಂದು ಕೈಯೆತ್ತಬೇಕು. ನಿಜ ಹಿಡಿದವರಿಗೆ ಒಂದು ಅಂಕ. ಸುಳ್ಳಿಗೆ ಎಷ್ಟು ಕೈ ಎದ್ದವೋ ಅಷ್ಟು ಅಂಕ ಅದನ್ನು ಕಟ್ಟಿದವನಿಗೆ. ಕಡೆಯಲ್ಲಿ ನಿಘಂಟು ತೆರೆದು ನಿಜವನ್ನು ಎಲ್ಲರಿಗೂ ಓದಿ ಹೇಳಲೇಬೇಕು. ಈ ಕಡೆಯ ನಿಯಮ ಒಂದೇ ಒಂದು ಸಲ ತಪ್ಪಿತು. ಅದರ ಫಲವನ್ನು ತಾವು ತಾಮ್ರಪತ್ರದಲ್ಲಿ ಕೆತ್ತಿಸಿ ಮಂಡಿಯ ಗೋಡೆಗೆ ಹಾಕಿಕೊಂಡಿದ್ದೀರಿ.

ತಪ್ಪಿದ್ದು ೧೯೭೪ನೇ ಇಸವಿ ಜೂನ್ ಹದಿನಾರರ ಭಾನುವಾರ. ನಾನಾಗ ಇದೇ ಊರಿನಲ್ಲಿ ಪೋಸ್ಟ್ ಮಾಸ್ತರನಾಗಿದ್ದೆ. ಆಟ ನಡೆಸಿದವರು ನ್ಯಾಮತಿಯ ಶಾಲೆಯ ಹಾಲಸ್ವಾಮಿ ಮೇಷ್ಟ್ರು. ಅವರು ಕೊಟ್ಟ ಶಬ್ದ 'ಗಾವಿಲ'. ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಬಂದವರೂ ಸೇರಿ ನಾವು ಹನ್ನೊಂದು ಜನ ಆಟಗಾರರು. ಆ ಶಬ್ದವನ್ನು ಒಬ್ಬರೂ ಕೇಳಿರಲಿಲ್ಲ. ನಾನು ಪೆನ್ಸಿಲನ್ನು ಎರಡು ಸಲ ಕಚ್ಚಿ, 'ಊರಿನ ಜಗಳವನ್ನು ಕಟ್ಟೆಗೆ ಬರುವ ಮುನ್ನವೇ ಬಗೆಹರಿಸುವ ಹಿರಿಯ' ಎಂದು ಬರೆದೆ. ನನ್ನನ್ನು ಬಿಟ್ಟು ಉಳಿದ ಹತ್ತು ಜನರಲ್ಲಿ ಒಂಬತ್ತು ಜನ ಅದಕ್ಕೇ ಕೈಯೆತ್ತಿದರು. ಹತ್ತನೆಯವರು ತಾವು, ಊಟವಾದ ಮೇಲೆ ತೂಕಡಿಸುತ್ತಿದ್ದಿರಿ.

ಮೇಷ್ಟ್ರು ಕೈಗಳನ್ನು ಎಣಿಸಿ, "ಎರಡ್ನೇ ಚೀಟಿಗೆ ಒಂಬತ್ತು. ಭೇಷ್. ಈಗ ನಿಜ ಏನಪ್ಪಾ ಅಂದ್ರೆ" ಎಂದು ಕನ್ನಡಕ ಹಾಕಿಕೊಳ್ಳುವುದಕ್ಕೂ ಹೊರಗೆ ಹೊನ್ನಾಳಿ ಬಸ್ಸು ಹಾರ್ನ್ ಹೊಡೆಯುವುದಕ್ಕೂ ಸರಿಹೋಯಿತು. "ಇದು ತಪ್ಪಿದ್ರೆ ನಾಳೆ ಇಸ್ಕೂಲ್ ಬಾಗ್ಲು ತೆಗೆಯೋರಿಲ್ಲ ಕಣ್ರೀ" ಎಂದವರು ಕನ್ನಡಕವನ್ನು ಕೈಯಲ್ಲೇ ಹಿಡಿದು ಓಡಿದರು. ಅವರ ಹಿಂದೆ ಹೊನ್ನಾಳಿಯವರೂ ನ್ಯಾಮತಿಯವರೂ ಓಡಿದರು. ಒಂಬತ್ತು ಜನ ಒಪ್ಪಿದ ಮೇಲೆ ಇನ್ನು ನೋಡುವುದೇನಿದೆ ಎಂದು ಉಳಿದವರು ಟೀ ಕುಡಿಯಲು ಹೋದರು. ಮುಂದಿನ ತಿಂಗಳೇ ಮೇಷ್ಟ್ರಿಗೆ ಬೀದರ್ ಜಿಲ್ಲೆಗೆ ವರ್ಗವಾಯಿತು, ಶಬ್ದದ ನಿಜಾರ್ಥಕ್ಕೂ ಅವರ ಜೊತೆಯಲ್ಲೇ ವರ್ಗವಾಯಿತು.

ಅಂದು ಸಂಜೆ ನಾನು ಒಬ್ಬನೇ ನಿಘಂಟು ತೆರೆದು ನೋಡಿದೆ. 'ಗಾವಿಲ: ದಡ್ಡ, ಮೂಢ' ಎಂದಿತ್ತು. ಆಗಲೇ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಒಂಬತ್ತು ವೋಟು ಎಂದರೆ ಸಾಮಾನ್ಯವೇ? ಮನೆಯಲ್ಲಿ ಉಪ್ಪಿಟ್ಟು ಬೇಡವೆಂಬ ನನ್ನ ಸಲಹೆಗೂ ಅದುವರೆಗೆ ಒಂದು ವೋಟು ಬಿದ್ದಿರಲಿಲ್ಲ. ಒಂದು ವಾರ ಆ ಸುಖ ಅನುಭವಿಸಿ ಆಮೇಲೆ ಹೇಳೋಣವೆಂದುಕೊಂಡೆ. ವಾರ ಕಳೆದ ಮೇಲೆ ಹೇಳಲು ನಾಚಿಕೆಯಾಯಿತು. ವರ್ಷ ಕಳೆದ ಮೇಲೆ ಹೆದರಿಕೆಯಾಯಿತು.

ಹೆದರಿಕೆಗೆ ಕಾರಣ ನನ್ನ ಉದ್ಯೋಗ. ಬುಕ್‌ಪೋಸ್ಟಿನಲ್ಲಿ ಬರುವ ಮದುವೆಯ ಕರೆಯೋಲೆಗಳ ಒಳಗೆ ಯಾರಾದರೂ ಕೈಬರಹದ ಕಾಗದ ಸೇರಿಸಿದ್ದಾರೆಯೇ ಎಂದು ಬಿಡಿಸಿ ನೋಡುವುದು ನನ್ನ ಕರ್ತವ್ಯವಾಗಿತ್ತು. ಹಾಗೆ ನೋಡುವಾಗ ೧೯೭೬ರ ಬೇಸಿಗೆಯಲ್ಲಿ, ಹೊನ್ನಾಳಿಯ ಒಂದು ಕರೆಯೋಲೆಯಲ್ಲಿ, 'ನಮ್ಮೂರ ಗಾವಿಲರು ವಧೂವರರನ್ನು ಆಶೀರ್ವದಿಸುವರು' ಎಂದು ಬಂಗಾರದ ಮಸಿಯಲ್ಲಿ ಅಚ್ಚಾಗಿತ್ತು. ನಾನು ಅದಕ್ಕೆ ಅಂಚೆಯ ಠಸ್ಸೆ ಒತ್ತಿ ಮುಂದಕ್ಕೆ ಕಳಿಸಿದೆ. ಎರಡು ವರ್ಷದ ಮೇಲೆ ನ್ಯಾಮತಿಯಲ್ಲಿ ಒಂದು ಹೊಸ ಮನೆಯ ಬಾಗಿಲ ಮೇಲೆ 'ಗಾವಿಲ ನಿಲಯ' ಎಂಬ ಗಾರೆಯ ಅಕ್ಷರಗಳನ್ನು ಕಣ್ಣಾರೆ ಕಂಡೆ. ಮನೆಯ ಯಜಮಾನರು ಒಳಗೆ ಕರೆದು ಕಾಫಿ ಕೊಟ್ಟರು. ಅಂಥ ಒಳ್ಳೆಯ ಕಾಫಿ ಕುಡಿದು ಅಂಥ ಮಾತನ್ನು ಹೇಗೆ ಹೇಳಲಿ?

ಆಮೇಲೆ ಶಬ್ದ ಜಗಳೂರಿನ ಕಡೆ ನಡೆಯಿತು. ನಮ್ಮ ವಾಚನಾಲಯದ ಅಟೆಂಡರ್ ಹೊನ್ನೂರಮ್ಮನವರ ಅಣ್ಣ, ಸೊಕ್ಕೆ ಊರಿನ ಓಬಣ್ಣ, ತಾನಾಯಿತು ತನ್ನ ಹೊಲವಾಯಿತು ಎಂದು ಇದ್ದ ಮನುಷ್ಯ. ಯಾರೋ ನಾಮಕರಣದ ಕರೆಯೋಲೆಯಲ್ಲಿ ಅವರನ್ನು ಗಾವಿಲರೆಂದು ಅಚ್ಚುಹಾಕಿಸಿದರು. ಮಾರನೇ ವಾರವೇ, ಬದುವಿನ ಹುಣಸೆಮರಕ್ಕಾಗಿ ಆರು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರು ಅವರ ಜಗಲಿಯ ಮೇಲೆ ಬಂದು ಕೂತರು. ಅಚ್ಚಾದ ಮೇಲೆ ಇಲ್ಲವೆನ್ನಲು ಬರುತ್ತದೆಯೇ? ಓಬಣ್ಣ ಒಂದು ಹಗಲೆಲ್ಲ ಯೋಚಿಸಿ, ಒಂದು ವರ್ಷ ಒಬ್ಬನು ಹಣ್ಣು ಉದುರಿಸಲಿ, ಇನ್ನೊಬ್ಬನು ಪಾಲು ಮಾಡಲಿ, ಮರುವರ್ಷ ಅದಲುಬದಲಾಗಲಿ ಎಂದರು. ಜಗಳ ತೀರಿತು. ಇದು ನಾನು ಪೆನ್ಸಿಲ್ ಕಚ್ಚಿ ಬರೆದ ಸುಳ್ಳು ಮಾಡಿದ ಕೆಲಸ.

ಇಷ್ಟಾದ ಮೇಲೆ, ೧೯೮೩ರ ಆಗಸ್ಟ್ ಹದಿನಾಲ್ಕರಂದು, ತಮ್ಮ ಅರವತ್ತರ ಸಂದರ್ಭದಲ್ಲಿ, ಕೂಟವು ತಮಗೆ 'ಗಾವಿಲರತ್ನ' ಎಂಬ ಬಿರುದು ಕೊಟ್ಟಿತು. ಬರಿಯ ಗಾವಿಲರು ಎಲ್ಲ ತಾಲ್ಲೂಕಿನಲ್ಲೂ ಆಗಲೇ ಇದ್ದರು. ಅವರಲ್ಲಿ ರತ್ನ ಬೇರೆಯಾಗಿ ಹೊಳೆಯಬೇಕೆಂಬುದು ತಮ್ಮದೇ ಸೂಚನೆಯೆಂದು ಕೇಳಿದ್ದೇನೆ. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಅಷ್ಟು ಜೋರಾಗಿ ತಟ್ಟದಿದ್ದರೆ ನನ್ನ ನಗು ಹೊರಗೆ ಕೇಳಿಸುತ್ತಿತ್ತು. ಅದಕ್ಕಾಗಿ ಈಗ ಕ್ಷಮೆ ಕೇಳುತ್ತೇನೆ. ಚಪ್ಪಾಳೆಯನ್ನು ಮಾತ್ರ ಹಿಂದಕ್ಕೆ ಪಡೆಯುವುದಿಲ್ಲ.

ಇನ್ನು ಈ ನವೆಂಬರ್ ಒಂಬತ್ತಕ್ಕೆ ಬರುತ್ತೇನೆ. ಆಟ ನಡೆಸಿದವರು ತಾವು. ಕಡೆಯ ಸುತ್ತಿಗೆ ತಾವು ಆರಿಸಿದ ಶಬ್ದ, ಬೇರೆ ಯಾವುದಿದ್ದೀತು, 'ಗಾವಿಲ'. ಎಲ್ಲರಿಗೂ ಗೊತ್ತಿರುವ ಶಬ್ದವನ್ನು ಕೊಟ್ಟು ಅರ್ಥ ಕೇಳಿದರೆ ಅದು ಪಂದ್ಯವಲ್ಲ, ಭಜನೆ. ಆದರೂ ನಿಯಮದಂತೆ ಪ್ರತಿಯೊಬ್ಬನೂ, ಯಾರೂ ನಂಬುವುದಿಲ್ಲವೆಂದು ಗೊತ್ತಿದ್ದೂ, ಒಂದು ಬೇರೆ ಅರ್ಥವನ್ನು ಕಟ್ಟಲೇಬೇಕಿತ್ತು. ಅಂಥದೊಂದು ನನ್ನ ಬಳಿ ಹನ್ನೆರಡು ವರ್ಷದಿಂದ ಸಿದ್ಧವಾಗಿತ್ತು. ನಿವೃತ್ತನಾಗಿ ಆರು ತಿಂಗಳಾಗಿತ್ತು, ಸುಳ್ಳನ್ನು ಹೊತ್ತುಕೊಂಡೇ ಸಾಯುವುದು ಬೇಡವೆನಿಸಿತ್ತು. 'ದಡ್ಡ, ಮೂಢ' ಎಂದು ಬರೆದು ಮಡಿಸಿ ಕೊಟ್ಟೆ.

ತಾವು ಅದನ್ನು ಓದಿದಾಗ ಹೊನ್ನಾಳಿಯ ನಿರ್ಮಲಮ್ಮ ಟೀಚರ್ ಸೆರಗನ್ನು ಬಾಯಿಗೆ ಹಿಡಿದು, "ಯಾರ್ರೀ ಇದನ್ನ ಬರೆದೋರು? ಅಧ್ಯಕ್ಷರು ಎದುರಿಗೇ ಕೂತವ್ರೆ. ಧೈರ್ಯ ಐತೆ ಬಿಡ್ರಿ" ಎಂದರು. ನನ್ನ ಚೀಟಿಗೆ ಒಂದು ಕೈಯೂ ಏಳಲಿಲ್ಲ. ತಾವು ನಿಜವೆಂದು ಇಟ್ಟಿದ್ದ ಚೀಟಿಗೆ, ಅಂದರೆ ನನ್ನದೇ ಹಳೆಯ ಸುಳ್ಳಿಗೆ, ಎಲ್ಲರೂ ಕೈಯೆತ್ತಿದರು. ಒಟ್ಟು ಅಂಕದಲ್ಲಿ ಮುಂದಿದ್ದ ನಿರ್ಮಲಮ್ಮನವರಿಗೆ ಬಹುಮಾನದ ಕಪ್ಪು ಹೋಯಿತು. ಅವರ ಮೇಲೆ ನನಗೆ ದೂರಿಲ್ಲ. ನನ್ನ ಸುಳ್ಳನ್ನು ಅಷ್ಟು ಶ್ರದ್ಧೆಯಿಂದ ಕಲಿತವರ ಮೇಲೆ ದೂರು ಹೇಗೆ ಬಂದೀತು?

ಆಮೇಲೆ ತಾವು ಚೀಟಿಯನ್ನು ಬೆಳಕಿಗೆ ಹಿಡಿದು, "ಮರುಳಸಿದ್ದಪ್ಪಾರೆ, ನಿಮ್ಮ ಮನಿಯಾರ್ಡರ್ ಅಕ್ಷರ ನಮಗೆ ಗೊತ್ತಾಗಲ್ವಾ?" ಎಂದಿರಿ. ನಾನು ವಿನಯದಿಂದ ನಿಘಂಟು ತೆರೆಯಬೇಕೆಂದು ಕೇಳಿಕೊಂಡೆ. "ಪುಸ್ತಕ ತೆಗೆದು ನೋಡಾಕೆ ಇದೇನು ಕೋರ್ಟೇನ್ರೀ? ನನ್ನ ಬಿರುದಿನ ಅರ್ಥ ನನಗೆ ಗೊತ್ತಿಲ್ವಾ?" ಎಂದು ಗುಡುಗಿದಿರಿ. 'ಹಿರಿಯರನ್ನು ಚೀಟಿಯ ಮೂಲಕ ನಿಂದಿಸಿದ ಕಾರಣ' ಎಂದು ನಡಾವಳಿಯಲ್ಲಿ ಬರೆಸಿ ನನ್ನ ಹೆಸರು ಹೊಡೆದುಹಾಕಿದಿರಿ. ಸುಳ್ಳು ಬರೆದಾಗ ಒಂಬತ್ತು ವೋಟು, ನಿಜ ಬರೆದಾಗ ಸೊನ್ನೆ ವೋಟು ಮತ್ತು ಹೊರಗಿನ ದಾರಿ. ಪ್ರಜಾಪ್ರಭುತ್ವವನ್ನು ಇಷ್ಟು ಸಣ್ಣ ಕೋಣೆಯಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟಿದ್ದಕ್ಕೆ ತಮಗೆ ಋಣಿ.

ಮರುದಿನ ಬೆಳಿಗ್ಗೆ ವಾಚನಾಲಯಕ್ಕೆ ಹೋದೆ. ಹೊನ್ನೂರಮ್ಮನವರು ಬಾಗಿಲಲ್ಲೇ ತಡೆದು, "ಸದಸ್ಯರಲ್ದೋರಿಗೆ ಬೀರು ತೆಗೀಬಾರ್ದು ಅಂದಾರ್ರೀ ಪೋಸ್ಟ್ ಮಾಸ್ತರ್ರೇ. ನಾನು ಧೂಳು ಹೊಡೀತೀನಿ, ನೀವು ಹಿಂದೆ ನಿಂತ್ಕಂಡು ನೋಡ್ಕಳ್ರಿ" ಎಂದರು. ಧೂಳು ಹೊಡೆಯುವುದು ಅವರ ಕೆಲಸ, ಕೆಲಸ ಮಾಡಿದವರನ್ನು ತಾವು ಏನೂ ಅನ್ನಲಾರಿರಿ. ಧೂಳು ಹೊಡೆಯುವಾಗ ನಿಘಂಟು 'ಗ' ಅಕ್ಷರಕ್ಕೇ ತೆರೆದುಕೊಂಡಿತು ಎಂದರೆ ಅದು ಕಿಟಕಿಯ ಗಾಳಿಯ ತಪ್ಪು.

ಅಲ್ಲಿ ನಾನು ಕಂಡದ್ದನ್ನು ತಾವು ಬಲ್ಲಿರಿ. 'ದಡ್ಡ, ಮೂಢ' ಎಂಬುದರ ಮೇಲೆ ಒಂದು ಗೆರೆ. ಪಕ್ಕದ ಅಂಚಿನಲ್ಲಿ, ಮಂಡಿಯಲ್ಲಿ ಅಡಿಕೆ ಮೂಟೆಗೆ ಗುರುತು ಹಾಕುವ ಕೆಂಪು ಮಸಿಯಲ್ಲಿ, 'ಮುದ್ರಣದೋಷ. ಊರ ಹಿರಿಯ ಎಂದು ಓದಿಕೊಳ್ಳುವುದು'. ಕೆಳಗೆ ತಮ್ಮ ರುಜು, ಕೂಟದ ಮೊಹರು, ತಾರೀಕು ೧೨-೮-೧೯೮೩. ಅಂದರೆ ಸನ್ಮಾನಕ್ಕೆ ಎರಡು ದಿನ ಮುಂಚೆ. ಮಾನ್ಯರೇ, ನನ್ನ ಸುಳ್ಳು ಗೊತ್ತಿದ್ದವನು ನಾನೊಬ್ಬನೇ ಎಂದು ಹನ್ನೆರಡು ವರ್ಷ ನಾನು ನಿದ್ದೆಗೆಟ್ಟಿದ್ದೆ. ತಮಗೂ ಗೊತ್ತಿತ್ತು ಎಂದು ತಿಳಿದಾಗ ಎಷ್ಟು ಹಗುರವಾಯಿತೆಂದರೆ, ನಕ್ಕು ನಕ್ಕು ಕೆಮ್ಮು ಹತ್ತಿದ ನನಗೆ ಹೊನ್ನೂರಮ್ಮನವರು ಕುಡಿಯಲು ನೀರು ತಂದುಕೊಟ್ಟರು.

ನಾನು ಅವರಿಗೆ ವಿಷಯ ಹೇಳಿದೆ. ಅವರು ಧೂಳಿನ ಬಟ್ಟೆಯನ್ನು ಕೊಡವಿ, "ಹಂಗಾದ್ರೆ ನಮ್ಮಣ್ಣ ದಡ್ಡನಾ? ಆರು ವರ್ಷದ ಜಗಳ ಬಗೆಹರಿಸಿದೋನು? ಆ ಹುಣಸೇಮರ ನೋಡಾಕೆ ಈ ಪುಸ್ತಕ ಸೊಕ್ಕೆಗೆ ಬಂದಿತ್ತೇನ್ರೀ?" ಎಂದು ಕೇಳಿದರು. ಓಬಣ್ಣ ಆ ಹೆಸರಿಗೆ ತಕ್ಕಂತೆ ತನ್ನನ್ನು ತಿದ್ದಿಕೊಂಡರು. ತಾವು ತಮಗೆ ತಕ್ಕಂತೆ ಪುಸ್ತಕವನ್ನು ತಿದ್ದಿದಿರಿ. ವ್ಯತ್ಯಾಸ ಅಷ್ಟೇ.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡಬೇಡಿ. ಆ ಕೆಂಪು ಮಸಿಯನ್ನೂ ಮೊಹರನ್ನೂ ತೆಗೆದುಕೊಂಡು ನಾಡಿನಲ್ಲಿ ಈ ನಿಘಂಟು ಇರುವ ಎಲ್ಲ ಶಾಲೆ, ಮಠ, ವಕೀಲರ ಮನೆಗಳಿಗೂ ಹೋಗಿ ತಿದ್ದಿ ಬನ್ನಿ. ಈ ಶಬ್ದವನ್ನು ಬೈಗುಳವಾಗಿ ಬಳಸಿ ತೀರಿಕೊಂಡ ಹಳೆಯ ಕವಿಗಳಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳಿ. ಅಂಚೆಯ ವ್ಯವಸ್ಥೆ ನಾನು ನೋಡಿಕೊಳ್ಳುತ್ತೇನೆ. ಎಂಟುನೂರು ವರ್ಷದಿಂದ ಗಾವಿಲರೆಂದು ಬೈಸಿಕೊಂಡು ತಲೆತಗ್ಗಿಸಿದವರನ್ನೆಲ್ಲ ಹುಡುಕಿಸಿ ಒಂದೊಂದು ಶಾಲು ಹೊದಿಸಿ.

ಅಷ್ಟು ಪುರಸೊತ್ತು ಇಲ್ಲವಾದರೆ, ಒಂದು ಸಣ್ಣ ಪ್ರಶ್ನೆಗೆ ಉತ್ತರ ಕೊಡಿ. ಗಾವಿಲ ಎಂದರೆ ನಿಘಂಟು ಹೇಳುವುದೇ ಸರಿಯೆಂದಾದರೆ, ನನ್ನ ಚೀಟಿ ಸರಿ, ನನ್ನ ಸದಸ್ಯತ್ವ ಹಿಂದಿರುಗಬೇಕು. ಅಲ್ಲ, ಊರ ಹಿರಿಯ ಎಂಬುದೇ ಸರಿಯೆಂದಾದರೆ, ಆ ಅರ್ಥವನ್ನು ಹುಟ್ಟಿಸಿದ ತಂದೆ ನಾನು; ಮಗನಿಗೆ ತಾಮ್ರಪತ್ರ ಕೆತ್ತಿಸಿ ತಂದೆಯನ್ನು ಮನೆಯಿಂದ ಹೊರಗಟ್ಟುವುದು ಯಾವ ನ್ಯಾಯ? ಎರಡರಲ್ಲಿ ಯಾವುದಾದರೂ ನನಗೆ ಒಪ್ಪಿಗೆ. ಬರುವ ಭಾನುವಾರ ಮೂರೂಕಾಲಿಗೆ, ಎಲ್ಲರ ಎದುರು ನಿಘಂಟು ತೆರೆದು, ಅಚ್ಚಿನ ಅಕ್ಷರವನ್ನೂ ಕೆಂಪು ಅಕ್ಷರವನ್ನೂ ತಾರೀಕನ್ನೂ ಗಟ್ಟಿಯಾಗಿ ಓದಿ ತಮ್ಮ ಉತ್ತರ ಹೇಳಬೇಕು. ಹೊನ್ನಾಳಿ ಬಸ್ಸಿನ ಡ್ರೈವರಿಗೆ ಈ ಸಲ ಹಾರ್ನ್ ಹೊಡೆಯಬಾರದೆಂದು ಹೇಳಿಟ್ಟಿದ್ದೇನೆ.

ಹೆಸರು ಹೊಡೆದುಹಾಕಿದ ಮೇಲೂ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮರುಳಸಿದ್ದಪ್ಪ
ನಿವೃತ್ತ ಪೋಸ್ಟ್ ಮಾಸ್ತರ್, ಚನ್ನಗಿರಿ

ಮರೆತ ಮಾತು: ಬರುವ ಭಾನುವಾರ ನನ್ನ ಕುರ್ಚಿಯನ್ನು ಬಿಡಿಸಿಡಲು ಹೊನ್ನೂರಮ್ಮನವರಿಗೆ ಹೇಳಬೇಕು. ಬಿರುದನ್ನು ತಾವು ಹಿಂದಿರುಗಿಸುವ ಅಗತ್ಯ ಖಂಡಿತ ಇಲ್ಲ. ಅದು ತಮಗೆ ಒಪ್ಪುತ್ತದೆ. ಯಾವ ಅರ್ಥದಲ್ಲಿ ಒಪ್ಪುತ್ತದೆ ಎಂಬುದನ್ನಷ್ಟೇ ಬಹಿರಂಗವಾಗಿ ತಿಳಿಸಿ.