ಹತ್ತಕ್ಕೆ ಒಂಬತ್ತು ಅಂದ್ರೆ ನಪಾಸು

ಮೇಷ್ಟ್ರು: ನಲವತ್ತು ನಿಮಿಷ, ತಾಯಿ! ನಲವತ್ತು ನಿಮಿಷದಿಂದ ಈ ಫ್ಯಾನನ್ನ ಕಂಕುಳಲ್ಲಿ ಇಟ್ಕೊಂಡು ನಿಂತಿದೀನಿ. ಮಗುವಾಗಿದ್ರೆ ಇಷ್ಟೊತ್ತಿಗೆ ನಿದ್ದೆನಾದ್ರೂ ಹೋಗಿರೋದು.

ಕೌಂಟರಿನಾಕೆ: ಕ್ಷಮಿಸಿ ಸಾರ್. ಬಿಲ್ ಕೌಂಟರಿನಲ್ಲಿ ಜನ ಇದ್ರು.

ಮೇಷ್ಟ್ರು: ಅಲ್ಲಿ ಜನ ಇದ್ರೆ ರಿಪೇರಿ ಕೌಂಟರಿನವರಿಗೇನು ಕಷ್ಟ?

ಕೌಂಟರಿನಾಕೆ: ಅಲ್ಲಿದ್ದಿದ್ದೂ ನಾನೇ ಸಾರ್.

ಮೇಷ್ಟ್ರು: ಮೈಕಿನಲ್ಲಿ ಒಬ್ಬಳು 'ದಯವಿಟ್ಟು ಕಾಯಿರಿ, ನಮ್ಮ ಸಿಬ್ಬಂದಿ ಬರುತ್ತಾರೆ' ಅಂತ ರಾಗ ಎಳೀತಿದ್ಲಲ್ಲ, ಅವಳನ್ನಾದ್ರೂ ಕಳಿಸಬಹುದಿತ್ತು.

ಕೌಂಟರಿನಾಕೆ: ಕಳಿಸಿದ್ರು ಸಾರ್. ಬಂದಿದೀನಿ.

ಮನೆಗೆ ಬೇಕಾದ ಯಂತ್ರಗಳನ್ನೆಲ್ಲ ಮಾರುವ ದೊಡ್ಡ ಅಂಗಡಿ ಅದು. ಮೂರು ಕೌಂಟರು, ಮೂರು ಬೋರ್ಡು, ಮೂರಕ್ಕೂ ಸೇರಿ ಈಕೆಯೊಬ್ಬಳು. ಎದುರಿಗೆ ನಿಂತಿದ್ದ ಮೇಷ್ಟ್ರು ಮೂವತ್ತೆರಡು ವರ್ಷ ಗಣಿತ ಹೇಳಿಕೊಟ್ಟು, ಒಬ್ಬನಿಗೂ ಪೂರ್ತಿ ಅಂಕ ಕೊಡದೆ ನಿವೃತ್ತರಾದವರು. ಲೆಕ್ಕ ಸರಿಯಿದ್ದರೆ ಗೀಟು ಸೊಟ್ಟಗಿದೆಯೆಂದು ಅರ್ಧ ಕಳೆಯುತ್ತಿದ್ದರು. ಹುಡುಗರು ಅವರನ್ನು ಕರೆಯುತ್ತಿದ್ದದ್ದೇ 'ಅರೆಮಾರ್ಕು' ಎಂದು. ಅವರ ಹೆಂಡತಿ ಎಲ್ಲೂ ಕುರ್ಚಿ ಕಾಣದೆ, ಯಾರೋ ಕೊಂಡ ವಾಷಿಂಗ್ ಮೆಷಿನ್ನಿನ ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತಿದ್ದರು.

ಮೇಷ್ಟ್ರು: ಹಿಂದೆಲ್ಲ ಅಂಗಡಿಗೆ ಹೋದ್ರೆ 'ಬನ್ನಿ ಬನ್ನಿ' ಅಂತ ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಮನೆಮಂದಿನೆಲ್ಲ ವಿಚಾರಿಸ್ಕೋತಿದ್ರು.

ಹೆಂಡತಿ: ಆಮೇಲೆ ಕೆಟ್ಟುಹೋದ ಮಿಕ್ಸಿ ಕೊಟ್ಟು ಕಳಿಸ್ತಿದ್ರು.

ಮೇಷ್ಟ್ರು: ಪ್ರೀತಿಯಿಂದ ಕೊಡ್ತಿದ್ರು ಕಣೇ!

ಕೌಂಟರಿನಾಕೆ: ಫ್ಯಾನಿಗೆ ಏನಾಗಿದೆ ಸಾರ್?

ಮೇಷ್ಟ್ರು: ಪಕ್ಷಪಾತ. ಇವಳ ಕಡೆ ಮುಖ ಮಾಡಿ ನಿಂತಿದ್ದು ನಿಂತೇಬಿಡ್ತು. ನಾನೊಬ್ಬ ಮನೆಯಲ್ಲಿದೀನಿ ಅನ್ನೋ ಪರಿವೆಯೇ ಇಲ್ಲ.

ಆಕೆ ಫ್ಯಾನನ್ನು ಮೇಜಿನ ಮೇಲಿಟ್ಟು ಪ್ಲಗ್ ಹಾಕಿ, ಅದರ ಬೆನ್ನಿನ ಮೇಲಿದ್ದ ಸಣ್ಣ ಗುಂಡಿಯೊಂದನ್ನು ಬೆರಳಿನಿಂದ ಒತ್ತಿದಳು. ಫ್ಯಾನು ನಿಧಾನವಾಗಿ ಕತ್ತು ತಿರುಗಿಸಿತು. ಮೇಷ್ಟ್ರನ್ನು ನೋಡಿತು, ಹೆಂಡತಿಯನ್ನು ನೋಡಿತು, ಮತ್ತೆ ಮೇಷ್ಟ್ರ ಕಡೆಗೆ ಬಂತು.

ಕೌಂಟರಿನಾಕೆ: ಈ ಗುಂಡಿ ಮೇಲಕ್ಕೆ ಎಳೆದಿದ್ರು ಸಾರ್. ಎಳೆದ್ರೆ ಒಂದೇ ಕಡೆ ನಿಲ್ಲುತ್ತೆ, ಒತ್ತಿದ್ರೆ ತಿರುಗುತ್ತೆ.

ಮೇಷ್ಟ್ರು: ಎಳೆದಿದ್ದು ಯಾರು?

ಹೆಂಡತಿ (ಟ್ಯೂಬ್‌ಲೈಟನ್ನು ನೋಡುತ್ತ): ಸೆಕೆ ಆಗ್ತಿತ್ತು.

ಮೇಷ್ಟ್ರು: ನಲವತ್ತು ನಿಮಿಷದಲ್ಲಿ ಒಂದು ಮಾತು ಹೇಳಬಾರದಿತ್ತಾ?

ಹೆಂಡತಿ: ನೀವು ಖುಷಿಯಾಗಿ ಬೈಕೊಂಡು ನಿಂತಿದ್ರಿ. ಮಧ್ಯೆ ನಾನ್ಯಾಕೆ ಬಾಯಿ ಹಾಕಲಿ ಅಂತ.

ಕೌಂಟರಿನಾಕೆ ಒಂದರಿಂದ ಹತ್ತರವರೆಗೆ ಗುಂಡಿಗಳಿದ್ದ ಪುಟ್ಟ ಯಂತ್ರವೊಂದನ್ನು ಮುಂದಕ್ಕೆ ತಳ್ಳಿದಳು.

ಕೌಂಟರಿನಾಕೆ: ನಮ್ಮ ಸೇವೆಗೆ ಎಷ್ಟು ಅಂಕ ಕೊಡ್ತೀರಿ, ಒತ್ತಿ ಸಾರ್.

ಮೇಷ್ಟ್ರ ಮುಖ ಅರಳಿತು. ನಿವೃತ್ತರಾದ ಮೇಲೆ ಅವರನ್ನು ಅಂಕ ಕೇಳಿದವಳು ಇವಳೇ ಮೊದಲು. ಕನ್ನಡಕ ಏರಿಸಿ, ಅಂಗಿಯ ತೋಳು ಮಡಿಸಿ, ಯಂತ್ರದ ಮೇಲೆ ಬಗ್ಗಿದರು.

ಮೇಷ್ಟ್ರು: ಕೆಲಸ ಅಚ್ಚುಕಟ್ಟು. ತಡ ಮಾಡಿದ್ದಕ್ಕೆ ಒಂದು ಹೋಯ್ತು. ನಗುಮುಖ ಇಲ್ಲ, ಅದಕ್ಕೊಂದು ಅರ್ಧ... ಅರ್ಧದ ಗುಂಡಿ ಯಾಕಿಟ್ಟಿಲ್ಲ? ಹೋಗಲಿ, ಒಂಬತ್ತು ತಗೋ. ನನ್ನ ಸ್ವಂತ ಮಗನಿಗೂ ಇಷ್ಟು ಕೊಟ್ಟಿಲ್ಲ.

ಕೌಂಟರಿನಾಕೆ (ಯಂತ್ರವನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು): ಒತ್ತಬೇಡಿ ಸಾರ್. ಒಂಬತ್ತು ಅಂದ್ರೆ ನಪಾಸು.

ಮೇಷ್ಟ್ರು: ಏನಂದೆ?

ಕೌಂಟರಿನಾಕೆ: ಇಲ್ಲಿ ಹತ್ತು ಬಂದ್ರೆ ಮಾತ್ರ ಪಾಸು. ವಾರಕ್ಕೆ ಮೂರು ನಪಾಸಾದ್ರೆ ಭಾನುವಾರದ ರಜ ಹೋಗುತ್ತೆ. ಆಗಲೇ ಎರಡಾಗಿದೆ.

ಮೇಷ್ಟ್ರು: ಆ ಎರಡು ನಪಾಸು ಯಾರು ಕೊಟ್ರು?

ಕೌಂಟರಿನಾಕೆ: ಒಬ್ರು ತುಂಬಾ ಹೊಗಳಿ ಎಂಟು ಕೊಟ್ರು. ಇನ್ನೊಬ್ರ ಮಗು ನಾಲ್ಕು ಒತ್ತಿತು. ಅದಕ್ಕೆ ನಾಲ್ಕು ವರ್ಷವಂತೆ.

ಮೇಷ್ಟ್ರು: ಭಾನುವಾರ ಏನು, ಮದುವೆಗಿದುವೆ ಇದೆಯಾ?

ಕೌಂಟರಿನಾಕೆ: ಇಲ್ಲ ಸಾರ್. ಕೂತ್ಕೊಳ್ಳೋದಿದೆ.

ಮೇಷ್ಟ್ರು: ಯಾತಕ್ಕೆ?

ಕೌಂಟರಿನಾಕೆ: ಯಾತಕ್ಕೂ ಇಲ್ಲ. ಸುಮ್ನೆ, ಕುರ್ಚಿ ಮೇಲೆ. ಇಲ್ಲಿ ಕೂರೋ ಹಾಗಿಲ್ಲ, ನೋಡಿದವರಿಗೆ ಸೋಮಾರಿಗಳ ಥರ ಕಾಣ್ತೀವಂತೆ. ಮೂರು ವಾರದಿಂದ ರಜ ಸಿಕ್ಕಿಲ್ಲ. 'ಅಮ್ಮ, ಈ ಭಾನುವಾರ ನೀನು ಕೂತ್ಕೋ, ನಾನು ನಿನ್ನ ತೊಡೆ ಮೇಲೆ ಕೂತ್ಕೋತೀನಿ' ಅಂತ ಮಗಳು ಹೇಳಿಟ್ಟಿದಾಳೆ.

ಹೆಂಡತಿ ರಟ್ಟಿನ ಪೆಟ್ಟಿಗೆಯಿಂದ ಎದ್ದು ನಿಂತರು.

ಹೆಂಡತಿ: ರೀ, ಹತ್ತು ಒತ್ರೀ.

ಮೇಷ್ಟ್ರು: ತಡಿಯೇ. ತತ್ವ ಅಂತ ಒಂದಿದೆ. ಹತ್ತಕ್ಕೆ ಹತ್ತು ಕೊಟ್ಬಿಟ್ರೆ ಇನ್ನು ಕಲಿಯೋದು ಏನೂ ಉಳಿದಿಲ್ಲ ಅಂತ ಆಗುತ್ತೆ.

ಕೌಂಟರಿನಾಕೆ: ಉಳಿದಿದೆ ಸಾರ್. ನಾಳೆಯಿಂದ ಗೋಡೌನೂ ನಂಗೇ ಕೊಡ್ತಾರಂತೆ.

ಮೇಷ್ಟ್ರು: ಇನ್ನೊಬ್ಬರನ್ನ ತಗೊಳ್ಳಿ ಅಂತ ಕೇಳಬಾರದಾ?

ಕೌಂಟರಿನಾಕೆ: ಕೇಳಿದೆ. ಅಂಕ ಚೆನ್ನಾಗಿ ಬರ್ತಿದೆಯಲ್ಲ, ನೀನೊಬ್ಬಳೇ ಸಾಕು ಅಂದ್ರು.

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಮೇಷ್ಟ್ರು: ಅಂದ್ರೆ, ಹತ್ತು ಕೊಟ್ರೆ ಇನ್ನೊಬ್ಬರು ಬರಲ್ಲ.

ಕೌಂಟರಿನಾಕೆ: ಬರಲ್ಲ.

ಮೇಷ್ಟ್ರು: ಒಂಬತ್ತು ಕೊಟ್ರೆ?

ಕೌಂಟರಿನಾಕೆ: ಎಲ್ರೂ ಹಾಗೇ ಕೊಡ್ತಾ ಹೋದ್ರೆ ಬರ್ತಾರೆ ಸಾರ್. ನನ್ನ ಜಾಗಕ್ಕೆ.

ಮೇಷ್ಟ್ರು: ನನ್ನ ಸರ್ವೀಸಿನಲ್ಲಿ ಇಂಥಾ ಪ್ರಶ್ನೆಪತ್ರಿಕೆ ನೋಡಿಲ್ಲ! ಯಾವ ಉತ್ತರ ಬರೆದ್ರೂ ತಪ್ಪು. ಇದನ್ನ ತೆಗೆದವನು ಯಾರು? ಕರಿ ಅವನನ್ನ. ಬೆಂಚಿನ ಮೇಲೆ ನಿಲ್ಲಿಸ್ತೀನಿ.

ಕೌಂಟರಿನಾಕೆ: ಅವರು ಕೂತಿರ್ತಾರೆ ಸಾರ್. ಬೇರೆ ಊರಲ್ಲಿ.

ಮೇಷ್ಟ್ರ ಬೆರಳು ಒಂಬತ್ತರ ಮೇಲೆ ಸ್ವಲ್ಪ ಹೊತ್ತು ಸುಳಿಯಿತು. ಅಲ್ಲಿಂದ ಪಕ್ಕಕ್ಕೆ ಹೋಗುವ ಅಂಗುಲದಷ್ಟು ದಾರಿಯನ್ನು ಅದು ಜನ್ಮದಲ್ಲಿ ನಡೆದಿರಲಿಲ್ಲ. ಹೆಂಡತಿ ಉಸಿರು ಹಿಡಿದು ನೋಡುತ್ತಿದ್ದರು. ಬೆರಳು ಹೋಯಿತು, ಒತ್ತಿತು. ಮೂವತ್ತೆರಡು ವರ್ಷದ ತತ್ವ 'ಟಿಣ್' ಎಂದು ಒಮ್ಮೆ ಸದ್ದು ಮಾಡಿ ಮುಗಿಯಿತು.

ಹೆಂಡತಿ: ನೋವಾಯ್ತಾ?

ಮೇಷ್ಟ್ರು: ಸುಮ್ನಿರು.

ಅಷ್ಟರಲ್ಲಿ ಹಿಂದಿನಿಂದ ಒಂದು ಇಸ್ತ್ರಿಪೆಟ್ಟಿಗೆ ಬಂದು ಧಡ್ ಎಂದು ಮೇಜಿನ ಮೇಲೆ ಕುಳಿತಿತು. ಅದನ್ನು ತಂದವರ ಬೆನ್ನಿಗೆ ಇನ್ನೂ ಏಳು ಜನರ ಸಾಲಿತ್ತು. ಎಲ್ಲರ ಮುಖವೂ ಕಾದು ಕೆಂಪಾಗಿತ್ತು.

ಇಸ್ತ್ರಿಪೆಟ್ಟಿಗೆಯವರು: ನಿಮ್ಮ ಹರಟೆ ಮುಗೀತಾ? ಅರ್ಧ ಗಂಟೆ ಆಯ್ತು ನಾನು ಬಂದು! ಎಲ್ಲಿ ಆ ಅಂಕದ ಮೆಷಿನ್ನು? ಒಂದನೇ ಗುಂಡಿ ಒತ್ತಿ ಹೋಗ್ತೀನಿ.

ಕೌಂಟರಿನಾಕೆ ಇಸ್ತ್ರಿಪೆಟ್ಟಿಗೆಯ ವೈರನ್ನು ಬಿಡಿಸತೊಡಗಿದಳು. ಮೇಷ್ಟ್ರು ಫ್ಯಾನನ್ನು ಹೆಂಡತಿಯ ಕೈಗೆ ದಾಟಿಸಿ ಸಾಲಿನ ಕಡೆ ತಿರುಗಿದರು. ಅರವತ್ತು ಹುಡುಗರನ್ನು ಒಂದೇ ಸಲ ಕೂರಿಸುತ್ತಿದ್ದ ಗಂಟಲು ಇನ್ನೂ ಹಾಗೇ ಇತ್ತು.

ಮೇಷ್ಟ್ರು: ಸದ್ದು! ಎಲ್ರೂ ನೆಟ್ಟಗೆ ಸಾಲಾಗಿ ನಿಂತ್ಕೊಳ್ಳಿ. ಉತ್ತರ ಹತ್ತು.

ಇಸ್ತ್ರಿಪೆಟ್ಟಿಗೆಯವರು: ಅದನ್ನ ಹೇಳೋಕೆ ನೀವ್ಯಾರ್ರೀ? ನಾನು ಯೋಚನೆ ಮಾಡಿ ಒತ್ತುತ್ತೀನಿ.

ಮೇಷ್ಟ್ರು: ಯೋಚನೆ ನಾನು ಮಾಡಿಯಾಗಿದೆ. ನೀವು ನನ್ನದನ್ನ ನೋಡ್ಕೊಂಡು ಬರೀರಿ.